ಮೋಟಾರು ಸೈಕಲ್ಲಿನ ನಿಜವಾದ ಬೆಲೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ಗಮನಿಸಿದವರಿಗೆ ಒಂದು ಸಂಗತಿ ಮನದಟ್ಟಾಗದೆ ಇರದು. ಅವನು ಮೊದಲು ಬೆಲೆಯನ್ನು ಕೇಳುವುದಿಲ್ಲ. ಹಲ್ಲನ್ನು ನೋಡಿ ವಯಸ್ಸನ್ನು ತಿಳಿಯುತ್ತಾನೆ, ಗೊರಸನ್ನು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನಡಿಗೆಯನ್ನು ಪರೀಕ್ಷಿಸುತ್ತಾನೆ, ಮೇವು ಎಷ್ಟು ಬೇಕಾದೀತು, ಎಷ್ಟು ವರ್ಷ ದುಡಿದೀತು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ. ಇಷ್ಟೆಲ್ಲ ಆದ ಮೇಲೆ ಬೆಲೆಯ ಮಾತು. ಎತ್ತಿಗೆ ಕೊಡುವ ಹಣ ಒಂದು ದಿನದ ವೆಚ್ಚ, ಮೇವಿನದು ನಿತ್ಯದ ವೆಚ್ಚ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ಮನೆಯವರು ಮಗನಿಗಾಗಿ ಮೋಟಾರು ಸೈಕಲ್ ಕೊಳ್ಳಲು ಪೇಟೆಯ ಶೋರೂಮಿಗೆ ಹೋದಾಗ ಈ ವಿವೇಕವೆಲ್ಲ ಎಲ್ಲಿ ಅಡಗುತ್ತದೆಯೋ ತಿಳಿಯದು. ಅಲ್ಲಿ ಕೇಳುವ ಪ್ರಶ್ನೆಗಳು ಮೂರೇ: ಬೆಲೆ ಎಷ್ಟು? ಮೈಲೇಜು ಎಷ್ಟು? ತಿಂಗಳ ಕಂತು ಎಷ್ಟು? ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರಗಳು ಸುಳ್ಳಲ್ಲದಿರಬಹುದು. ಆದರೆ ಅವುಗಳಲ್ಲಿ ಒಂದಾದರೂ ಆ ಯಂತ್ರದ ನಿಜವಾದ ಬೆಲೆಯನ್ನು ಹೇಳುವುದಿಲ್ಲ. ನಿಜವಾದ ಬೆಲೆಯೆಂದರೆ, ವಾಹನ ನಮ್ಮ ಬಳಿ ಇರುವಷ್ಟು ಕಾಲವೂ ಅದರ ಮೇಲೆ ನಾವು ವ್ಯಯಮಾಡುವ ಒಟ್ಟು ಹಣವನ್ನು ಅದು ಕ್ರಮಿಸುವ ಒಟ್ಟು ದೂರದಿಂದ ಭಾಗಿಸಿದಾಗ ಬರುವ ಮೊತ್ತ. ಎಂದರೆ ಒಂದು ಕಿಲೋಮೀಟರಿಗೆ ಇಂತಿಷ್ಟು ರೂಪಾಯಿ. ನಿತ್ಯದ ಓಡಾಟಕ್ಕೆ ವಾಹನವನ್ನು ಆರಿಸುವವರು ಈ ಒಂದು ಅಂಕಿಯನ್ನೇ ಮುಖ್ಯವಾಗಿ ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ. ಇದನ್ನು ಕಂಡುಹಿಡಿಯಲು ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಲ್ಲಿ ಕೊಡುವ ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ನಾವು ಭಾವಿಸಿಕೊಂಡವು. ವಾಚಕರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ಲೆಕ್ಕವನ್ನು ಹೊಸದಾಗಿ ಮಾಡಬೇಕು. ಶೋರೂಮಿನ ಬೆಲೆಗೆ ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ ಇವೆಲ್ಲ ಸೇರಿ 100 ಸಿ.ಸಿ. ವರ್ಗದ ಒಂದು ಮೋಟಾರು ಸೈಕಲ್ಲಿಗೆ 90,000 ರೂಪಾಯಿ ಬೀಳುತ್ತದೆಂದು ಇಟ್ಟುಕೊಳ್ಳೋಣ. ಅದರ ಒಡೆಯನು ದಿನಕ್ಕೆ 20 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿಸುತ್ತಾನೆ. ವರ್ಷಕ್ಕೆ 6,000 ಕಿಲೋಮೀಟರಾಯಿತು. ಹತ್ತು ವರ್ಷಕ್ಕೆ 60,000. ನಮ್ಮ ರಸ್ತೆಗಳ ಮೇಲೆ ಅದು ಲೀಟರಿಗೆ 60 ಕಿಲೋಮೀಟರು ಓಡಿದರೆ ಹತ್ತು ವರ್ಷಕ್ಕೆ 1,000 ಲೀಟರು ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿಯಂತೆ ಇದಕ್ಕೆ 1,00,000 ರೂಪಾಯಿ. ಎಂಜಿನ್ ಆಯಿಲ್, ಟಯರು, ಚೈನು, ಬ್ರೇಕ್ ಶೂ, ಬ್ಯಾಟರಿ, ಮೆಕ್ಯಾನಿಕ್ಕಿನ ಕೂಲಿ ಎಲ್ಲ ಸೇರಿ ವರ್ಷಕ್ಕೆ 4,000ದಂತೆ 40,000 ರೂಪಾಯಿ. ಮುಂದಿನ ವರ್ಷಗಳ ವಿಮೆಗಾಗಿ 15,000. ಹತ್ತು ವರ್ಷಗಳ ನಂತರ ಗಾಡಿಯನ್ನು ಮಾರಿದರೆ 20,000 ಬರುತ್ತದೆಂದು ಭಾವಿಸಿದರೆ, ಕೊಂಡ ಬೆಲೆಯಲ್ಲಿ ಸವೆದುಹೋದುದು 70,000 ರೂಪಾಯಿ.

ಇವನ್ನು ಕೂಡಿದರೆ 2,25,000 ರೂಪಾಯಿ. ಅದನ್ನು 60,000ದಿಂದ ಭಾಗಿಸಿದರೆ ಕಿಲೋಮೀಟರಿಗೆ 3 ರೂಪಾಯಿ 75 ಪೈಸೆ. ಕೊಳ್ಳುವ ದಿನ ಅಷ್ಟೊಂದು ಚೌಕಾಶಿ ಮಾಡಿದ ಬೆಲೆಯಲ್ಲಿ ಸವೆದುಹೋದುದು ಒಟ್ಟು ವೆಚ್ಚದ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಉಳಿದ ಎರಡು ಪಾಲು ಮುಂದೆ ನೂರು ಇನ್ನೂರು ರೂಪಾಯಿಗಳ ರೂಪದಲ್ಲಿ, ನಮ್ಮ ಗಮನಕ್ಕೆ ಬಾರದಂತೆ ಜೇಬಿನಿಂದ ಹೋಗತಕ್ಕದ್ದು.

ಹಾಗಾದರೆ ಪೆಟ್ರೋಲನ್ನು ಕಡಮೆ ಕುಡಿಯುವ ಗಾಡಿಯನ್ನೇ, ಬೆಲೆ ಎಷ್ಟಾದರೂ ಆಗಲಿ, ಕೊಳ್ಳಬೇಕೇ? ಇಲ್ಲಿಯೂ ಆತುರ ಸಲ್ಲದು. ಲೀಟರಿಗೆ 50 ಕಿಲೋಮೀಟರು ಓಡುವ ಒಂದು ಗಾಡಿಯಿದೆ. 60 ಕಿಲೋಮೀಟರು ಓಡುವ ಇನ್ನೊಂದಿದೆ. ಎರಡನೆಯದರ ಬೆಲೆ 20,000 ರೂಪಾಯಿ ಹೆಚ್ಚು ಎಂದುಕೊಳ್ಳೋಣ. ನೂರು ಕಿಲೋಮೀಟರಿಗೆ ಮೊದಲನೆಯದಕ್ಕೆ 2 ಲೀಟರು, ಎರಡನೆಯದಕ್ಕೆ 1.67 ಲೀಟರು ಬೇಕು. ಉಳಿತಾಯ ಲೀಟರಿನ ಮೂರನೆಯ ಒಂದು ಪಾಲು, ಎಂದರೆ ಸುಮಾರು 33 ರೂಪಾಯಿ. ಈ ದರದಲ್ಲಿ 20,000 ರೂಪಾಯಿ ಹಿಂದಿರುಗಬೇಕಾದರೆ ಗಾಡಿ 60,000 ಕಿಲೋಮೀಟರು ಓಡಬೇಕು. ನೆಲಮಂಗಲದಲ್ಲಿ ಮನೆ ಮಾಡಿಕೊಂಡು ಬೆಂಗಳೂರಿನ ಒಳಭಾಗಕ್ಕೆ ಕೆಲಸಕ್ಕೆ ಹೋಗಿಬರುವವನು ದಿನಕ್ಕೆ ಸುಮಾರು 60 ಕಿಲೋಮೀಟರು ಓಡಿಸುತ್ತಾನೆ. ಅವನಿಗೆ ಈ ಹಣ ಮೂರು ವರ್ಷ ನಾಲ್ಕು ತಿಂಗಳಲ್ಲಿ ಹಿಂದಿರುಗುತ್ತದೆ. ದಿನಕ್ಕೆ 20 ಕಿಲೋಮೀಟರು ಓಡಿಸುವವನು ಇದಕ್ಕಾಗಿ ಹತ್ತು ವರ್ಷ ಕಾಯಬೇಕು. ಒಬ್ಬನಿಗೆ ಜಾಣತನವಾದ ಆಯ್ಕೆ ಇನ್ನೊಬ್ಬನಿಗೆ ನಷ್ಟದ ಬಾಬತ್ತು. ಆದುದರಿಂದ ನೆರೆಮನೆಯವರು ಯಾವ ಗಾಡಿಯನ್ನು ಕೊಂಡರೆಂಬುದನ್ನು ತಿಳಿಯುವುದಕ್ಕೆ ಮೊದಲು ನಾವು ದಿನಕ್ಕೆ ಎಷ್ಟು ದೂರ ಹೋಗುತ್ತೇವೆಂಬುದನ್ನು ತಿಳಿಯಬೇಕು.

ಮೈಲೇಜಿನ ಅಂಕಿ ಇನ್ನೊಂದು ಬಗೆಯಲ್ಲಿಯೂ ನಮ್ಮನ್ನು ದಾರಿತಪ್ಪಿಸುತ್ತದೆ. ಲೀಟರಿಗೆ 40 ಓಡುತ್ತಿದ್ದುದು 50 ಓಡಿದರೂ, 60 ಓಡುತ್ತಿದ್ದುದು 70 ಓಡಿದರೂ ಹೆಚ್ಚಳ ಹತ್ತೇ ಅಲ್ಲವೇ ಎಂದು ತೋರುತ್ತದೆ. ಆದರೆ ನೂರು ಕಿಲೋಮೀಟರಿಗೆ ಮೊದಲನೆಯ ಸಂದರ್ಭದಲ್ಲಿ ಉಳಿಯುವುದು ಅರ್ಧ ಲೀಟರು; ಎರಡನೆಯದರಲ್ಲಿ ಕಾಲು ಲೀಟರಿಗಿಂತ ಕಡಮೆ. ನಾವು ಹಣ ಕೊಡುವುದು ಲೀಟರಿಗೆ. ಆದುದರಿಂದ ‘ಲೀಟರಿಗೆ ಎಷ್ಟು ಕಿಲೋಮೀಟರು?’ ಎಂದು ಕೇಳುವ ಬದಲು ‘ನೂರು ಕಿಲೋಮೀಟರಿಗೆ ಎಷ್ಟು ಲೀಟರು?’ ಎಂದು ಕೇಳುವುದನ್ನು ರೂಢಿಮಾಡಿಕೊಂಡರೆ ಈ ಭ್ರಮೆ ತಾನಾಗಿಯೇ ಕಳೆಯುತ್ತದೆ.

ಕೆಲವು ಎಂಜಿನ್ನುಗಳಿಗೆ ದಾಹ ಹೆಚ್ಚು, ಕೆಲವಕ್ಕೆ ಕಡಮೆ ಏಕೆ? ಇದಕ್ಕೆ ಉತ್ತರವನ್ನು ನಮ್ಮ ಮೈಸೂರಿನ ಇತಿಹಾಸದಲ್ಲಿಯೇ ಕಾಣಬಹುದು. 1960ರ ದಶಕದ ಆರಂಭದಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳು ತಯಾರಾಗುತ್ತಿದ್ದುವು. ಅವುಗಳ ಸದ್ದಿಗೆ ಮನಸೋಲುವವರು ಇಂದಿಗೂ ಇದ್ದಾರೆ. ಅವು ಟೂ ಸ್ಟ್ರೋಕ್ ಎಂಜಿನ್ನುಗಳು. ಅಂತಹ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವುದೂ ಹೊಸ ಪೆಟ್ರೋಲು ಮಿಶ್ರಣ ಒಳಗೆ ಬರುವುದೂ ಸ್ವಲ್ಪ ಹೊತ್ತು ಒಟ್ಟಿಗೇ ನಡೆಯುತ್ತವೆ. ಆಗ ಹೊಸ ಮಿಶ್ರಣದ ಒಂದಂಶ ಉರಿಯದೆಯೇ ಹೊಗೆಯ ಜೊತೆಯಲ್ಲಿ ಹೊರಟುಹೋಗುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಎರಡು ಕೆಲಸಗಳಿಗೆ ಪಿಸ್ಟನ್ನಿನ ಬೇರೆ ಬೇರೆ ಚಲನೆಗಳಿವೆ. ಕವಾಟಗಳು ಸಕಾಲದಲ್ಲಿ ತೆರೆದು ಮುಚ್ಚುತ್ತವೆ. ಆದುದರಿಂದ ಪೋಲು ಬಹಳ ಕಡಮೆ. 1985ರಲ್ಲಿ ಹೀರೋ ಹೋಂಡಾ ಸಂಸ್ಥೆಯ ಸಿ.ಡಿ. 100 ಎಂಬ ಫೋರ್ ಸ್ಟ್ರೋಕ್ ಗಾಡಿ ಮಾರುಕಟ್ಟೆಗೆ ಬಂದಿತು. ಅದರ ಬಲ ದೊಡ್ಡದಲ್ಲ. ಆದರೆ ಪೆಟ್ರೋಲಿನ ಖರ್ಚು ಅಲ್ಪ. ನಿತ್ಯದ ವೆಚ್ಚವನ್ನು ಎಣಿಸುವ ಜನ ಅದನ್ನು ಬಹು ಬೇಗ ಮೆಚ್ಚಿಕೊಂಡರು. ಇಂದು ನಮ್ಮ ರಸ್ತೆಗಳಲ್ಲಿ ಕಾಣುವ 100 ಸಿ.ಸಿ. ಗಾಡಿಗಳೆಲ್ಲ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬಂದವು.

ತಯಾರಕರು ಹೇಳುವ ಮೈಲೇಜು ರಸ್ತೆಯ ಮೇಲೆ ದೊರೆಯುವುದಿಲ್ಲವೆಂಬ ದೂರು ಸಾಮಾನ್ಯ. ಪರೀಕ್ಷಾಲಯದಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗಗಳಲ್ಲಿ ಓಡಿಸಿ ಅಳೆಯುತ್ತಾರೆ. ಅಲ್ಲಿ ಹಳ್ಳಕೊಳ್ಳಗಳಿಲ್ಲ; ಹಿಂದಿನ ಸೀಟಿನಲ್ಲಿ ತಮ್ಮನಿಲ್ಲ; ವಾಹನಗಳ ಸಂದಣಿಯಿಲ್ಲ. ಇದರ ಜೊತೆಗೆ ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಒಂದು ಲೀಟರು ಎಥನಾಲ್ ಉರಿದಾಗ ಬರುವ ಶಾಖ ಅಷ್ಟೇ ಪೆಟ್ರೋಲಿನಿಂದ ಬರುವುದರ ಸುಮಾರು ಮೂರನೆಯ ಎರಡು ಪಾಲು ಮಾತ್ರ. ಹೀಗಾಗಿ ಇಂತಹ ಮಿಶ್ರಣದಲ್ಲಿ ಲೀಟರಿಗೆ ಶೇಕಡ ಆರೇಳರಷ್ಟು ಶಾಖ ಕಡಮೆ.

ಆದುದರಿಂದ ನಮ್ಮ ಅಂಕಿಯನ್ನು ನಾವೇ ಅಳೆದುಕೊಳ್ಳುವುದು ಮೇಲು. ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿಸಿ ಮೀಟರಿನಲ್ಲಿರುವ ದೂರವನ್ನು ಬರೆದಿಟ್ಟುಕೊಳ್ಳಬೇಕು. 300 ಕಿಲೋಮೀಟರು ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಅದೇ ಗುರುತಿನವರೆಗೆ ಮತ್ತೆ ತುಂಬಿಸಬೇಕು. ಈ ಸಲ ಹಿಡಿಸಿದ ಪೆಟ್ರೋಲೇ ಆ ದೂರಕ್ಕೆ ಖರ್ಚಾದ ಪೆಟ್ರೋಲು. ಒಂದೇ ಲೀಟರು ಹಾಕಿಸಿ ಪರೀಕ್ಷೆ ಮಾಡುವವರುಂಟು. ತುಂಬಿಸುವಾಗ 100 ಮಿಲಿಲೀಟರು ಹೆಚ್ಚುಕಡಮೆಯಾದರೆ ಒಂದು ಲೀಟರಿನಲ್ಲಿ ಅದು ಶೇಕಡ 10ರ ತಪ್ಪು. ಐದು ಲೀಟರಿನಲ್ಲಿ ಶೇಕಡ 2 ಮಾತ್ರ. ಪ್ರಯೋಗಶಾಲೆಯಲ್ಲಿ ಕಲಿಯುವ ‘ದೋಷದ ಪ್ರಮಾಣ’ ಎಂಬುದಕ್ಕೆ ಪೆಟ್ರೋಲು ಬಂಕಿನಲ್ಲಿಯೂ ಕೆಲಸವಿದೆ.

ಇನ್ನು ತಿಂಗಳ ಕಂತಿನ ವಿಚಾರ. ಇದು ಎಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಬೇಕಾದುದು. 80,000 ರೂಪಾಯಿ ಸಾಲವನ್ನು ‘ಶೇಕಡ 10ರ ಫ್ಲ್ಯಾಟ್ ಬಡ್ಡಿ’ಯಂತೆ ಮೂರು ವರ್ಷಕ್ಕೆ ಕೊಡುತ್ತಾರೆಂದು ಇಟ್ಟುಕೊಳ್ಳೋಣ. ಬಡ್ಡಿ ವರ್ಷಕ್ಕೆ 8,000ದಂತೆ 24,000; ಒಟ್ಟು 1,04,000; ಅದನ್ನು 36ರಿಂದ ಭಾಗಿಸಿದರೆ ಕಂತು ಸುಮಾರು 2,889 ರೂಪಾಯಿ. ಕೇಳುವುದಕ್ಕೆ ಹಗುರವಾಗಿಯೇ ಇದೆ. ಆದರೆ ವಿಚಾರ ಮಾಡಬೇಕು: ಪ್ರತಿ ತಿಂಗಳೂ ನಾವು ಅಸಲಿನ ಒಂದು ಪಾಲನ್ನು ತೀರಿಸುತ್ತಿರುತ್ತೇವೆ, ಕೊನೆಯ ತಿಂಗಳಿನಲ್ಲಿ ಉಳಿದಿರುವ ಸಾಲ ಮೂರು ಸಾವಿರಕ್ಕೂ ಕಡಮೆ, ಬಡ್ಡಿ ಮಾತ್ರ ಆ ತಿಂಗಳೂ 80,000ದ ಮೇಲೆಯೇ ಬೀಳುತ್ತಿದೆ! ವಾಸ್ತವವಾಗಿ ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ಲೆಕ್ಕ ಮಾಡಿದರೆ ಈ ದರ ಶೇಕಡ 10 ಅಲ್ಲ, ಸುಮಾರು 18. ನಮ್ಮ ಮೊದಲನೆಯ ಉದಾಹರಣೆಗೆ ಈ 24,000ವನ್ನು ಸೇರಿಸಿದರೆ ಕಿಲೋಮೀಟರಿನ ವೆಚ್ಚ 3 ರೂಪಾಯಿ 75 ಪೈಸೆಯಿಂದ 4 ರೂಪಾಯಿ 15 ಪೈಸೆಗೆ ಏರುತ್ತದೆ. ಈ ನಲವತ್ತು ಪೈಸೆಯಿಂದ ಗಾಡಿಯ ವೇಗವೂ ಹೆಚ್ಚಲಿಲ್ಲ, ಬಾಳಿಕೆಯೂ ಹೆಚ್ಚಲಿಲ್ಲ. ಸಾಲ ಮಾಡಲೇಬಾರದೆಂದು ನಾವು ಹೇಳುವುದಿಲ್ಲ. ಅನೇಕರಿಗೆ ಬೇರೆ ದಾರಿಯಿರುವುದಿಲ್ಲ. ಆದರೆ ‘ಕಂತು ಎಷ್ಟು?’ ಎಂದು ಕೇಳಿದೊಡನೆಯೇ ‘ಉಳಿದ ಸಾಲದ ಮೇಲೆ ಬಡ್ಡಿಯ ದರ ಎಷ್ಟು? ಒಟ್ಟು ಕಟ್ಟಬೇಕಾದುದು ಎಷ್ಟು?’ ಎಂದೂ ಕೇಳಬೇಕು.

ವೆಚ್ಚವನ್ನು ತಗ್ಗಿಸುವ ಅತ್ಯಂತ ಸುಲಭವಾದ ಉಪಾಯ ಯಾವುದು? ಗಾಡಿಯನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದು. 90,000ಕ್ಕೆ ಕೊಂಡುದನ್ನು ಮೂರೇ ವರ್ಷಗಳಲ್ಲಿ 50,000ಕ್ಕೆ ಮಾರಿದರೆ, 18,000 ಕಿಲೋಮೀಟರಿಗೆ ಸವಕಳಿ 40,000 ರೂಪಾಯಿ; ಕಿಲೋಮೀಟರಿಗೆ 2 ರೂಪಾಯಿ 22 ಪೈಸೆ. ಹತ್ತು ವರ್ಷ ಇಟ್ಟುಕೊಂಡರೆ ಅದೇ ಸವಕಳಿ 1 ರೂಪಾಯಿ 17 ಪೈಸೆಗೆ ಇಳಿಯುತ್ತದೆ. ಹೊಸ ಬಣ್ಣ ಬಂದಿತೆಂದು ಹಳೆಯದನ್ನು ಮಾರುವವನು ಕಿಲೋಮೀಟರಿಗೆ ಒಂದು ರೂಪಾಯಿಗೂ ಹೆಚ್ಚು ದಂಡ ತೆರುತ್ತಾನೆ.

ಹೆಚ್ಚು ಕಾಲ ಬಾಳಬೇಕಾದರೆ ಆರೈಕೆ ಬೇಕು. ಆರೈಕೆಯ ಹಿಂದೆ ಇರುವುದೂ ಭೌತವಿಜ್ಞಾನವೇ. ಗಾಳಿ ಕಡಮೆಯಿರುವ ಟಯರು ಉರುಳುವಾಗ ಹೆಚ್ಚಾಗಿ ಜಗ್ಗಿ ಬಾಗುತ್ತದೆ; ಆ ಬಾಗುವಿಕೆಯಲ್ಲಿ ಎಂಜಿನ್ನಿನ ಶಕ್ತಿ ಶಾಖವಾಗಿ ಪೋಲಾಗುತ್ತದೆ; ಟಯರೂ ಬೇಗ ಸವೆಯುತ್ತದೆ. ಎಣ್ಣೆ ಕಾಣದ ಚೈನು ತಾನು ಸವೆಯುವುದಲ್ಲದೆ ಹಲ್ಲುಗಾಲಿಯನ್ನೂ ಸವೆಸುತ್ತದೆ. ಧೂಳು ಕಟ್ಟಿದ ಏರ್ ಫಿಲ್ಟರು ಎಂಜಿನ್ನಿನ ಉಸಿರನ್ನು ತಡೆಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವವನು 70ಕ್ಕೆ ಏರಿದರೆ ಆ ತಡೆ ಸುಮಾರು ಇಮ್ಮಡಿಯಾಗುತ್ತದೆ. ಕೊಳ್ಳುವಾಗ ಹತ್ತು ಕಿಲೋಮೀಟರಿನ ಮೈಲೇಜಿಗಾಗಿ 20,000 ಹೆಚ್ಚು ಕೊಟ್ಟು, ಆಮೇಲೆ ಟಯರಿಗೆ ಗಾಳಿ ಹಾಕಿಸದೆ ಅದನ್ನು ಕಳೆದುಕೊಳ್ಳುವುದು ಎಂತಹ ವಿವೇಕ? ಹಾಗೆಯೇ, ನಮ್ಮ ತಾಲ್ಲೂಕು ಕೇಂದ್ರದಲ್ಲಿ ಬಿಡಿಭಾಗ ಸಿಕ್ಕದ ಗಾಡಿಯನ್ನು ಕೊಂಡರೆ ಸಣ್ಣ ದುರಸ್ತಿಗೂ ಜಿಲ್ಲಾ ಕೇಂದ್ರಕ್ಕೆ ಓಡಬೇಕಾದೀತು. ಆ ದಿನದ ಕೂಲಿಯೂ ಗಾಡಿಯ ವೆಚ್ಚವೇ.

ಉಳಿತಾಯದ ಹೆಸರಿನಲ್ಲಿ ಮುಟ್ಟಬಾರದ ಬಾಬುಗಳೂ ಇವೆ. ಒಳ್ಳೆಯ ಹೆಲ್ಮೆಟ್ಟು, ಹಿಡಿಯುವ ಬ್ರೇಕು, ಗೀರು ಸವೆಯದ ಟಯರು, ಲೋಪವಿಲ್ಲದ ವಿಮೆ ಇವುಗಳಲ್ಲಿ ಉಳಿಸಿದ ಹಣವನ್ನು ನಾವು ಲಾಭವೆಂದು ಎಣಿಸುವುದಿಲ್ಲ. ಹೊಸ ದ್ವಿಚಕ್ರ ವಾಹನಗಳಿಗೆ ಕೊಳ್ಳುವಾಗಲೇ ಐದು ವರ್ಷಗಳ ತೃತೀಯ ಪಕ್ಷದ ವಿಮೆ ಮಾಡಿಸಬೇಕೆಂಬ ನಿಯಮ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಆರನೆಯ ವರ್ಷ ಅದನ್ನು ಮರೆಯುವವರೇ ಹೆಚ್ಚು. ಒಂದು ಅಪಘಾತದ ವೆಚ್ಚದ ಮುಂದೆ ಹತ್ತು ವರ್ಷಗಳ ಮೈಲೇಜಿನ ಉಳಿತಾಯ ಏನೂ ಅಲ್ಲ.

ವಿದ್ಯುತ್ ವಾಹನಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಪೆಟ್ರೋಲು ಎಂಜಿನ್ನು ತಾನು ಉರಿಸಿದ ಶಾಖದಲ್ಲಿ ಸುಮಾರು ಕಾಲು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ. ವಿದ್ಯುತ್ ಮೋಟಾರು ತನಗೆ ದೊರೆತ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಮಾರ್ಪಡಿಸುತ್ತದೆ. ನೂರು ಕಿಲೋಮೀಟರಿಗೆ ಮೂರೂವರೆ ಯೂನಿಟ್ಟು ಬೇಕಾಗುತ್ತದೆಂದೂ ಯೂನಿಟ್ಟಿಗೆ 7 ರೂಪಾಯಿಯೆಂದೂ ಭಾವಿಸಿದರೆ ಖರ್ಚು ಸುಮಾರು 25 ರೂಪಾಯಿ. ನಮ್ಮ ಪೆಟ್ರೋಲು ಗಾಡಿಗೆ 167. 60,000 ಕಿಲೋಮೀಟರಿನಲ್ಲಿ ಉಳಿತಾಯ ಸುಮಾರು 85,000 ರೂಪಾಯಿ. ಆದರೆ ಬ್ಯಾಟರಿ ಪ್ರತಿ ಸಲ ತುಂಬಿ ಬರಿದಾದಾಗಲೂ, ವರ್ಷಗಳು ಕಳೆದಂತೆಯೂ ಸ್ವಲ್ಪ ಸ್ವಲ್ಪವಾಗಿ ಸೊರಗುತ್ತದೆ. ಹತ್ತು ವರ್ಷಗಳಲ್ಲಿ ಅದನ್ನು ಬದಲಾಯಿಸಬೇಕಾಗಿ ಬರಬಹುದು. ಹೊಸ ಬ್ಯಾಟರಿಯ ಬೆಲೆ ಎಷ್ಟು, ಎಷ್ಟು ವರ್ಷದ ಖಾತರಿಯಿದೆ ಎಂಬುದನ್ನು ಕೇಳಿ, ಅದನ್ನೂ ಪಟ್ಟಿಯಲ್ಲಿ ಬರೆದ ಮೇಲೆ ಬರುವ ಕಿಲೋಮೀಟರಿನ ದರವೇ ನಿಜವಾದ ಉತ್ತರ. ಹೆಚ್ಚು ಓಡಿಸುವವನಿಗೆ ಅದು ಲಾಭ, ಕಡಮೆ ಓಡಿಸುವವನಿಗೆ ಸಂಶಯ.

ಕೊಳ್ಳದೆಯೇ ಇರುವುದೂ ಒಂದು ಆಯ್ಕೆಯೆಂಬುದನ್ನು ಮರೆಯಬಾರದು. ವಿದ್ಯಾರ್ಥಿಗಳಿಗೆ ರಿಯಾಯಿತಿ ಬಸ್ ಪಾಸುಗಳಿವೆ. ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಡುವ ‘ಶಕ್ತಿ’ ಯೋಜನೆ 2023ರ ಜೂನಿನಲ್ಲಿ ಜಾರಿಗೆ ಬಂದಿತು. ಬಸ್ಸು ಸಕಾಲಕ್ಕೆ ಬರುವ ಊರಿನಲ್ಲಿ ಕಿಲೋಮೀಟರಿಗೆ ನಾಲ್ಕು ರೂಪಾಯಿ ವ್ಯಯಮಾಡುವ ಅಗತ್ಯವಿದೆಯೇ ಎಂದು ಕೇಳಿಕೊಳ್ಳುವುದರಲ್ಲಿ ಅಗೌರವವೇನೂ ಇಲ್ಲ.

‘ಎಲ್ಲವನ್ನೂ ಲೆಕ್ಕದಿಂದಲೇ ಅಳೆಯಲಾದೀತೇ? ಇಷ್ಟವೆಂಬುದು ಇಲ್ಲವೇ?’ ಎಂದು ನಮ್ಮ ತರುಣ ವಾಚಕರು ಕೇಳಬಹುದು. ಇಷ್ಟಪಡುವುದು ತಪ್ಪಲ್ಲ. ಸೀಟಿನ ಹಿತ, ಬೆನ್ನಿಗೆ ನೋವಾಗದ ನಿಲುವು, ಕಣ್ಣಿಗೆ ಒಪ್ಪುವ ರೂಪ ಇವಕ್ಕೂ ಬೆಲೆಯುಂಟು. ನಾವು ಹೇಳುವುದಿಷ್ಟೇ: ಆ ಇಷ್ಟಕ್ಕೆ ಕಿಲೋಮೀಟರಿಗೆ ಎಷ್ಟು ಪೈಸೆ ತೆರುತ್ತಿದ್ದೇವೆಂಬುದು ತಿಳಿದಿರಲಿ. ತಿಳಿದು ಕೊಟ್ಟರೆ ಅದು ಆಯ್ಕೆ. ತಿಳಿಯದೆ ಕೊಟ್ಟರೆ ಅದು ಮೋಸಹೋಗುವಿಕೆ. ಮತ್ತು ಅನೇಕ ಮನೆಗಳಲ್ಲಿ ಈ ಹಣ ತೆರುವವರು ಇಷ್ಟಪಟ್ಟ ಮಗನಲ್ಲ, ಅವನ ತಂದೆತಾಯಿ. ತಿಂಗಳಿಗೆ 2,889 ರೂಪಾಯಿಯ ಕಂತು ತಂಗಿಯ ಕಾಲೇಜು ಶುಲ್ಕದ ತಿಂಗಳಿನಲ್ಲಿಯೂ ಬರುತ್ತದೆ, ಮಳೆ ಕೈಕೊಟ್ಟ ವರ್ಷದಲ್ಲಿಯೂ ಬರುತ್ತದೆ.

ಆದುದರಿಂದ ವಿದ್ಯಾರ್ಥಿಗಳಿಗೆ ನಮ್ಮದೊಂದು ಸಲಹೆ. ಮನೆಯಲ್ಲಿ ಮೋಟಾರು ಸೈಕಲ್ ಕೊಳ್ಳುವ ಮಾತು ಬಂದಾಗ, ಶೋರೂಮಿಗೆ ಹೊರಡುವ ಮೊದಲು ಒಂದು ಸಂಜೆ ತಂದೆತಾಯಿಯ ಜೊತೆಯಲ್ಲಿ ನೋಟುಪುಸ್ತಕ ಹಿಡಿದು ಕುಳಿತುಕೊಳ್ಳಿ. ಸವಕಳಿ, ಪೆಟ್ರೋಲು, ಆರೈಕೆ, ವಿಮೆ, ಬಡ್ಡಿ ಎಂದು ಐದು ಸಾಲು ಬರೆದು ಕೂಡಿಸಿ, ನೀವು ಓಡಿಸುವ ದೂರದಿಂದ ಭಾಗಿಸಿ. ಎರಡು ಮೂರು ಗಾಡಿಗಳಿಗೆ ಹೀಗೆಯೇ ಮಾಡಿ ಹೋಲಿಸಿ ನೋಡಿ. ಗೇರಿರುವ ವಾಹನ ನಡೆಸಲು ಹದಿನೆಂಟು ವರ್ಷ ತುಂಬಬೇಕೆಂದು ಕಾನೂನು ಹೇಳುತ್ತದೆ. ಲೆಕ್ಕ ಮಾಡಲು ಅಂತಹ ನಿರ್ಬಂಧವೇನೂ ಇಲ್ಲ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುತ್ತಿದ್ದ ಅಜ್ಜನ ಮೊಮ್ಮಗ ಇಷ್ಟನ್ನು ಮಾಡಿದರೆ ಸಾಕು.